ಬೆಳೆಯೋ ಲಂಗ

"ಇದು ಮೊಘಲ್ ಸ್ಟೈಲ್ ಮೇಡಂ, ರಾಣಿಯರು ಹಾಕ್ತಿದ್ದದ್ದು" ಎಂದ ಚಿಕ್ಕಪೇಟೆಯ ಅಂಗಡಿ ಹುಡುಗ. ಲೆಹೆಂಗಾದ ಪಕ್ಕಕ್ಕೆ ಜಿಪ್ ಇತ್ತು. ಒಳಗೆ ಉಬ್ಬಿಸಿ ನಿಲ್ಲಿಸುವ ಗರಿಗರಿ ನೆಟ್ ಬಟ್ಟೆ, ಕ್ಯಾನ್‌ಕ್ಯಾನ್. ಅಂಚಿಗೆ ರಾಜಸ್ಥಾನದ ಗೋಟಾ ಪಟ್ಟಿ, ಮೈಮೇಲೆಲ್ಲ ಕಛ್‌ನ ಕನ್ನಡಿ, ದುಪಟ್ಟಾದಲ್ಲಿ ಲಖನೌ ಚಿಕನ್ ಕಸೂತಿ. ಯಾವೂರ ರಾಣಿಯಪ್ಪಾ ಅಂತ ಕೇಳೋಣವೆಂದರೆ ಅಕ್ಕನ ಮಗಳು ಕೈ ಚಿವುಟಿದಳು. ಮದುವೆ ಅವಳದು, ಸುಮ್ಮನಾದೆ.

ಲೆಹೆಂಗಾ ಮೇಲೆ ನನಗೇನೂ ದ್ವೇಷವಿಲ್ಲ. ಸೊಂಟದ ಹತ್ತಿರ ಕಿರಿದಾಗಿ, ಕೆಳಗೆ ಅಗಲವಾಗಿ ಕತ್ತರಿಸಿದ ‘ಕಲಿ’ ಎಂಬ ಬಟ್ಟೆ ಪಟ್ಟಿಗಳನ್ನು ಜೋಡಿಸಿ ಹೊಲಿದ ಘಾಘ್ರಾ ಹೆಜ್ಜೆ ಹಾಕಿದಾಗ ಅರಳುವುದೇ ಚೆಂದ. ಗುಜರಾತಿನವರು ಚನಿಯಾ ಚೋಳಿ ಉಟ್ಟು ರಾತ್ರಿಯಿಡೀ ಗರ್ಬಾ ಆಡುತ್ತಾರೆ. ನಮ್ಮ ಲಂಬಾಣಿ ಹೆಂಗಸರು ಕನ್ನಡಿ ಹೊಲಿದ ಪೇಟಿಯಾ ಲಂಗ ಉಟ್ಟುಕೊಂಡೇ ಕೂಲಿ ಕೆಲಸ ಮಾಡಿದವರು. ಅಂಗಡಿಯ ಈ ಲೆಹೆಂಗಾ ಉಟ್ಟರೆ ಕೂರಲೂ ಆಗುವುದಿಲ್ಲ. ಅವಧದ ಬೇಗಂಗಳ ಅಗಲ ಪೈಜಾಮ, ಫರ್ಶಿ, ನೆಲದ ಮೇಲೆ ಎಳೆದಾಡುತ್ತಿತ್ತು, ಎತ್ತಿ ಹಿಡಿಯಲು ದಾಸಿಯರಿದ್ದರು. ನಮ್ಮ ಹುಡುಗಿಗೆ ಚಿಕ್ಕಮ್ಮ ಇದ್ದಾಳೆ.

ನಮ್ಮ ಕಾಲದ ರೇಷ್ಮೆ ಲಂಗಕ್ಕೆ ಇಂಥ ಗತ್ತಿರಲಿಲ್ಲ. "ಬೆಳೆಯೋ ಹುಡುಗಿ, ದೊಡ್ಡದಾಗೇ ಹೊಲೀರಿ" ಎಂದು ಅಮ್ಮ ಟೈಲರಿಗೆ ತಾಕೀತು ಮಾಡುತ್ತಿದ್ದಳು. ಆತ ಜರಿ ಅಂಚಿನ ಮೇಲೆ ಮೂರು ಟಕ್ಕು ಹಾಕಿ, ಅರ್ಧ ಬಟ್ಟೆಯನ್ನು ಒಳಗೇ ಬಚ್ಚಿಡುತ್ತಿದ್ದ. ಗೌರಿ ಹಬ್ಬ ಬಂತೆಂದರೆ ಅಮ್ಮ ಬ್ಲೇಡು ಹಿಡಿದು ಒಂದು ಟಕ್ಕು ಬಿಚ್ಚುವಳು. ಮಡಿಕೆಯೊಳಗಿದ್ದ ಬಟ್ಟೆ ಹೊಚ್ಚ ಹೊಸದು, ಉಳಿದದ್ದೆಲ್ಲ ಮಾಸಿದ್ದು. ನಡುವೆ ಎದ್ದು ಕಾಣುವ ಆ ಪಟ್ಟಿ ನೋಡಿದರೆ ಸಾಕು, ಹುಡುಗಿ ಎಷ್ಟು ಉದ್ದವಾದಳು, ಅವಳಪ್ಪ ಎಷ್ಟು ವರ್ಷದಿಂದ ಹೊಸ ಬಟ್ಟೆ ತೆಗೆದಿಲ್ಲ, ಎರಡೂ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಎದುರುಮನೆಯವರಂತೂ ಅರಿಶಿನ-ಕುಂಕುಮ ತೆಗೆದುಕೊಳ್ಳುವ ಮುಂಚೆ ನನ್ನ ಲಂಗದ ಅಂಚು ನೋಡುತ್ತಿದ್ದರು.

ಅದೂ ನನ್ನದಲ್ಲ. ಅಕ್ಕನದು. ಅವಳಿಗೆ ಟಕ್ಕೆಲ್ಲ ಮುಗಿದ ಮೇಲೆ ಅದೇ ಗೆರೆಗಳ ಮೇಲೆ ಮತ್ತೆ ಟಕ್ಕು ಹಾಕಿ ನನಗೆ ಇಳಿಸಿದರು. ಕೊನೆಗೆ ನನಗೂ ಮೋಟಾಯಿತು. ಕೆಳಗೆ ಹಸಿರು ಪಟ್ಟಿ ಸೇರಿಸಿದರು. ಲಂಗ ನೇರಳೆ ಬಣ್ಣದ್ದು! ಫೋಟೋದಲ್ಲಿ ನಾನು ಮುಖ ಗಂಟು ಹಾಕಿಕೊಂಡಿರುವುದಕ್ಕೆ ಅದೇ ಕಾರಣ. ಬಿಸಿಲಿಗಲ್ಲ.

ಆದರೂ ಆ ಲಂಗ ಸುಮ್ಮನೆ ಹಾಳಾಗಲಿಲ್ಲ. "ಹಳೇ ಜರಿ ಸೀರೇ..." ಎಂದು ಕೂಗುತ್ತ ಬಂದವನು ಅಂಚನ್ನು ತೂಕಕ್ಕೆ ಹಾಕಿದ. ಆಗಿನ ಅಸಲಿ ಜರಿಯಲ್ಲಿ ಬೆಳ್ಳಿ ಎಳೆ ಇರುತ್ತಿತ್ತು, ಸುಟ್ಟರೆ ಬೆಳ್ಳಿ ಸಿಗುತ್ತಿತ್ತು. ಈಗಿನ ಪ್ಲಾಸ್ಟಿಕ್ ಜರಿ ಸುಟ್ಟರೆ ವಾಸನೆ ಬರುತ್ತದೆ, ಅಷ್ಟೇ.

ಆ ದುಡ್ಡಿಗೆ ಅಮ್ಮ ಒಂದು ದೊಡ್ಡ ಸ್ಟೀಲ್ ಡಬ್ಬಿ ಕೊಂಡಳು. ಅದು ಈಗ ಅಕ್ಕನ ಅಡುಗೆಮನೆಯಲ್ಲಿದೆ. ಹಸಿರು ಪಟ್ಟಿ ಉಟ್ಟವಳು ನಾನು, ಡಬ್ಬಿ ಅವಳಿಗಾ? ಕೇಳಿದರೆ, ಲಂಗ ಮೊದಲು ಯಾರದಾಗಿತ್ತು ಹೇಳು ಅನ್ನುತ್ತಾಳೆ.