ಹಳೇ ನೀರಿಗೆ ಗಟಾರವೇ ಗತಿಯಾ?

ನೀರು ಬಿಟ್ಟ ದಿನ ನಮ್ಮ ಹುಬ್ಬಳ್ಳಿಯ ಯಾವುದಾದರೂ ಓಣಿಯಲ್ಲಿ ಅಡ್ಡಾಡಿ ನೋಡಿ. ಕೊಡ ತುಂಬೋ ಮೊದಲೇ ಗಟಾರ ತುಂಬಿರುತ್ತದೆ.

‘ನಳ ಬಂತ್ರೀ ಅಕ್ಕಾರ’ ಅಂತ ಯಾರೋ ಕೂಗಿದ್ದೇ ತಡ, ಮನೆಮನೆಯಲ್ಲೂ ಬ್ಯಾರಲ್ ಬೋರಲು ಹಾಕುತ್ತಾರೆ. ಒಳಗಿರೋದು ಹೋದ ವಾರ ಹಿಡಿದ ನೀರು. ಬಣ್ಣ ಕೆಟ್ಟಿಲ್ಲ, ನಾತ ಇಲ್ಲ. ಆದರೂ ಅದು ಹಳೇದು. 200 ಲೀಟರಿನ ಬ್ಯಾರಲ್‌ನಲ್ಲಿ ಅರ್ಧ ಉಳಿದಿದ್ದರೆ ನೂರು ಲೀಟರ್ ಹೋಯಿತು. ಪಕ್ಕದ ಮನೆ ಅಜ್ಜಿಯನ್ನು ಕೇಳಿದರೆ, ‘ಹೊಸಾವು ಬಂದಾವಲ್ಲೋ ತಮ್ಮಾ, ಹಳೇವು ಯಾಕ ಬೇಕು’ ಅಂದರು.

ಆ ನೀರು ಬಂದ ದಾರಿ ನೋಡಿ. ಕಣಕುಂಬಿಯಲ್ಲಿ ಹುಟ್ಟೋ ಮಲಪ್ರಭೆಗೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು. ಅಲ್ಲಿಂದ ಪಂಪ್ ಹಚ್ಚಿ ಎತ್ತಿ, ಅಮ್ಮಿನಬಾವಿಯಲ್ಲಿ ಶುದ್ಧ ಮಾಡಿ ನಮಗೆ ಕೊಡುತ್ತಾರೆ. ತಾನಾಗಿ ಹರಿದು ಬಂದದ್ದಲ್ಲ, ಕರೆಂಟ್ ಸುಟ್ಟು ತಂದದ್ದು. ಮನೆಗೆ ಬಂದ ಮೇಲೆ ನಮ್ಮ ಮೋಟಾರ್ ಮತ್ತೆ ಅದನ್ನು ಮೇಲಿನ ಸಿಂಟೆಕ್ಸ್‌ಗೆ ಏರಿಸುತ್ತದೆ. ಅದು ತುಂಬಿ ಸುರಿದರೆ ಎರಡೂ ಸಲದ ಕರೆಂಟ್ ನೀರಿನ ಜೊತೆ ಹೋಯಿತು. ಟ್ಯಾಂಕ್ ತುಂಬಿದಾಗ ಮೋಟಾರ್ ತಾನೇ ನಿಲ್ಲೋ ಹಾಗೆ ಒಂದು ಫ್ಲೋಟ್ ಸ್ವಿಚ್ ಹಾಕಿಸೋದು ದೊಡ್ಡ ಕೆಲಸವೇನಲ್ಲ.

ಗೃಹಜ್ಯೋತಿ ಬಂದ ಮೇಲೆ ‘ಬಿಲ್ ಸೊನ್ನೆ ಬರ್ತೈತಿ, ಬಿಡ್ರಿ’ ಅನ್ನೋರು ಜಾಸ್ತಿ. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಲ್ಲ, ಹಿಂದಿನ ಸರಾಸರಿ ಬಳಕೆ ನೋಡಿ ಮನೆಗೊಂದು ಮಿತಿ ಇದೆ. ಅಲ್ಲದೆ ಬಲ್ಬ್ ಆರಿಸಿ ಉಳಿಸೋದು ಚಿಲ್ಲರೆ, ದೊಡ್ಡ ನೋಟು ಹೋಗೋದು ಗೀಸರಿಗೆ. 20 ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ಅಷ್ಟರಲ್ಲಿ 75 ವ್ಯಾಟಿನ ಫ್ಯಾನ್ ಆರು ತಾಸು ತಿರುಗುತ್ತದೆ. ಒಂದು ಬಕೆಟ್ ಸಾಕಾಗೋ ಸ್ನಾನಕ್ಕೆ ಎರಡು ಯಾಕೆ?

ಕಳಸಾ-ಬಂಡೂರಿಗಾಗಿ ಬಂದ್ ಮಾಡಿದ ಊರು ನಮ್ಮದು. ಆ ಎರಡು ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕೊಟ್ಟಿದ್ದು 3.9 ಟಿಎಂಸಿ. ಅಷ್ಟಕ್ಕಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರು. ನಾವು ಸ್ಟೇಟಸ್ ಹಾಕಿದೆವು. ಹಾಕಿ, ಬ್ಯಾರಲ್ ಬೋರಲು ಹಾಕಿದೆವು.

ಹಾಗಂತ ನೀರು ತುಂಬೋ ಹೆಣ್ಣುಮಕ್ಕಳನ್ನು ನಾನು ಬೈಯಲ್ಲ. ಮುಂದಿನ ನೀರು ಐದು ದಿನಕ್ಕೋ ಎಂಟು ದಿನಕ್ಕೋ ಗೊತ್ತಿಲ್ಲದ ಮೇಲೆ ಒಂದು ಬ್ಯಾರಲ್ ಮುಟ್ಟದೆ ಇಟ್ಟುಕೊಳ್ಳಲೇಬೇಕು. ಅದು ಮುಗಿಯೋ ಮೊದಲೇ ನಳ ಬಂದರೆ, ಹಿಡಿಯಲು ಬೇರೆ ಪಾತ್ರೆ ಎಲ್ಲಿದೆ? ಚೆಲ್ಲೋದು ಸೊಕ್ಕಿನಿಂದಲ್ಲ, ಅಂಜಿಕೆಯಿಂದ. 2008ರ ಸುಮಾರಿಗೆ ಅವಳಿ ನಗರದ ಕೆಲವು ವಾರ್ಡ್‌ಗಳಿಗೆ 24 ತಾಸು ನೀರು ಬಂತು, ಅಲ್ಲಿಯವರಿಗೆ ಈ ಅಂಜಿಕೆ ತಪ್ಪಿತು. ಉಳಿದವರಿಗೆ ಕನಿಷ್ಠ ಹಿಂದಿನ ದಿನ ಮೊಬೈಲಿಗೆ ಒಂದು ಮೆಸೇಜ್ ಬಂದರೂ ಸಾಕು. ಉಳಿದ ನೀರಲ್ಲಿ ಅವತ್ತೇ ಚಾದರ ಒಗೆದು, ಕಟ್ಟೆ ತೊಳೆದು, ಗಿಡಕ್ಕೆ ಹಾಕಿ ಬ್ಯಾರಲ್ ಖಾಲಿ ಮಾಡಬಹುದು, ಅಲ್ವಾ?

ಖಾಲಿಯಾದ ಬ್ಯಾರಲ್ಲನ್ನು ಒಳಗಿಂದ ತಿಕ್ಕೋದು ಮಾತ್ರ ಬಿಡಬೇಡಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ನೀರಿಗೆ ಹತ್ತಿದ ಒಳಗೋಡೆಗೆ. ಸುಮ್ನೆ ನೀರು ಚೆಲ್ಲಿದರೆ ಅವು ಹೋಗಲ್ಲ, ಒಣಗಿದರೂ ತಿಂಗಳುಗಟ್ಟಲೆ ಇರುತ್ತವೆ. ತಿಕ್ಕಿ ತೊಳೆದು, ಹೊಸ ನೀರು ತುಂಬಿ, ಗಟ್ಟಿ ಮುಚ್ಚಿಡಿ.

ನಿಮ್ಮ ಓಣಿಯಲ್ಲಿ ನೀರು ಬಿಡೋ ಹೊತ್ತನ್ನು ಯಾರಾದರೂ ಮೊದಲೇ ತಿಳಿಸುತ್ತಾರಾ? ತಿಳಿಸಿದರೆ ಹೇಗೆ ಅಂತ ಕೆಳಗೆ ಬರೀರಿ. ನಮ್ಮ ವಾಲ್‌ಮನ್‌ಗೆ ತೋರಿಸಬೇಕು.