ಸಂಶೋಧನೆಯ ಗುಣಮಟ್ಟಕ್ಕೆ ಒಟ್ಟು ಅಂಕ ಬೇಡ

ಆರೋಗ್ಯ ಸಂಶೋಧನೆಗಳನ್ನು ಒರೆಗೆ ಹಚ್ಚಲು ಚೆಕ್‌ಲಿಸ್ಟ್‌ಗಳು ಬೇಕೇ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಅವುಗಳ ಉತ್ತರಗಳನ್ನೆಲ್ಲ ಕೂಡಿಸಿ, ಈ ಅಧ್ಯಯನಕ್ಕೆ ಐದರಲ್ಲಿ ನಾಲ್ಕು ಎಂದು ಒಂದೇ ಅಂಕಿಯಲ್ಲಿ ತೀರ್ಪು ಕೊಡುವ ಪದ್ಧತಿಯನ್ನು ಇನ್ನಾದರೂ ಕೈಬಿಡಬೇಕು.

ಇದಕ್ಕೆ ಬಲವಾದ ಆಧಾರ 1999ರಲ್ಲೇ ಸಿಕ್ಕಿತ್ತು. ಶಸ್ತ್ರಚಿಕಿತ್ಸೆಯ ನಂತರ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಹೆಪಾರಿನ್‌ಗಳನ್ನು ಹೋಲಿಸಿದ 17 ಪ್ರಯೋಗಗಳಿಗೆ ಪೀಟರ್ ಯೂನಿ ಮತ್ತು ಸಂಗಡಿಗರು 25 ಬೇರೆ ಬೇರೆ ಮಾಪಕಗಳಿಂದ ಅಂಕ ಹಾಕಿ ನೋಡಿದರು. ಆರು ಮಾಪಕಗಳ ಪ್ರಕಾರ ಉತ್ತಮ ಗುಣಮಟ್ಟದ ಪ್ರಯೋಗಗಳಲ್ಲಿ ಹೊಸ ಹೆಪಾರಿನ್‌ನಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಏಳು ಮಾಪಕಗಳ ಪ್ರಕಾರ ಲಾಭ ಕಂಡದ್ದೇ ಉತ್ತಮ ಪ್ರಯೋಗಗಳಲ್ಲಿ. ಪ್ರಯೋಗಗಳು ಅವೇ, ರೋಗಿಗಳೂ ಅವರೇ, ಬದಲಾದದ್ದು ಮಾಪಕವೊಂದೇ. ರೋಗಿಗೆ ಯಾವ ಔಷಧಿ ಕೊಡಬೇಕೆಂಬ ನಿರ್ಧಾರ ಇಂಥ ಆಯ್ಕೆಯ ಮೇಲೆ ನಿಲ್ಲುವುದು ನನಗೆ ಆತಂಕದ ಸಂಗತಿ.

ಇಂದಿಗೂ ಬಳಕೆಯಲ್ಲಿರುವ, 1996ರ ಜದಾದ್ ಮಾಪಕವನ್ನೇ ನೋಡಿ. ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚುವ ರ್‍ಯಾಂಡಮೈಸೇಶನ್‌ಗೆ ಎರಡು, ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ರೋಗಿ, ವೈದ್ಯರಿಂದ ಮರೆಮಾಡುವ ಬ್ಲೈಂಡಿಂಗ್‌ಗೆ ಎರಡು, ಮಧ್ಯದಲ್ಲಿ ಬಿಟ್ಟುಹೋದವರ ವಿವರಕ್ಕೆ ಒಂದು ಅಂಕ. ಮುಂದಿನ ರೋಗಿ ಯಾವ ಗುಂಪಿಗೆ ಹೋಗುತ್ತಾನೆಂಬುದು ಸೇರಿಸಿಕೊಳ್ಳುವ ವೈದ್ಯರಿಗೆ ಮೊದಲೇ ತಿಳಿಯದಂತೆ ಮುಚ್ಚಿಡಲಾಗಿತ್ತೇ ಎಂಬ ಪ್ರಶ್ನೆಯೇ ಅದರಲ್ಲಿಲ್ಲ. ಗುಂಪಿನ ಹೆಸರು ಬರೆದ ಚೀಟಿಯನ್ನಿಟ್ಟ ಲಕೋಟೆಯನ್ನು ಬೆಳಕಿಗೆ ಹಿಡಿದರೆ ಒಳಗಿನದು ಕಾಣುವಂತಿದ್ದರೆ, ಕಾಯಿಲೆ ಉಲ್ಬಣಿಸಿದವರನ್ನು ಒಂದು ಗುಂಪಿನಿಂದ ದೂರವಿಡುವುದು ಕಷ್ಟವೇನಲ್ಲ. ಅಂಥ ಪ್ರಯೋಗಕ್ಕೂ ಪೂರ್ತಿ ಅಂಕ ಸಿಗಬಹುದು.

ಆರೋಗ್ಯ ಸಂಶೋಧನೆಗಳ ವಿಮರ್ಶೆ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಕಾಕ್ರೇನ್‌ನ 2019ರ ಪರಿಷ್ಕೃತ ಸಾಧನ ಆರ್‌ಒಬಿ 2 ಈ ಕಾರಣಕ್ಕೇ ನನಗೆ ಮೆಚ್ಚು. ಹಂಚಿಕೆಯ ಕ್ರಮ, ಉದ್ದೇಶಿಸಿದ ಚಿಕಿತ್ಸೆಯನ್ನು ಬಿಟ್ಟು ಆಚೀಚೆ ಸರಿದದ್ದು, ಸಿಗದೇ ಹೋದ ದತ್ತಾಂಶ, ಫಲಿತಾಂಶವನ್ನು ಅಳೆದ ರೀತಿ, ವರದಿಗೆ ಆರಿಸಿಕೊಂಡ ಫಲಿತಾಂಶ ಎಂಬ ಐದು ವಿಭಾಗಗಳನ್ನು ಅದು ಬೇರೆಬೇರೆಯಾಗಿ ತೂಗುತ್ತದೆ. ಒಂದರಲ್ಲಿ ಪಕ್ಷಪಾತದ ಅಪಾಯ ಹೆಚ್ಚೆಂದು ಕಂಡರೂ ಒಟ್ಟು ತೀರ್ಪು ಅದೇ ಆಗುತ್ತದೆ. ಉಳಿದ ನಾಲ್ಕರ ಒಳ್ಳೆಯತನ ಅದನ್ನು ಮುಚ್ಚಿಹಾಕಲಾರದು. ಚಿಕಿತ್ಸೆಯನ್ನು ಸಂಶೋಧಕರು ಹಂಚದೆ, ಆದದ್ದನ್ನು ಗಮನಿಸಿ ದಾಖಲಿಸುವ ವೀಕ್ಷಣಾ ಅಧ್ಯಯನಗಳಲ್ಲಿ ಮಾತ್ರ ನ್ಯೂಕ್ಯಾಸಲ್-ಒಟ್ಟಾವಾ ಮಾಪಕದ ಒಂಬತ್ತು ನಕ್ಷತ್ರಗಳನ್ನು ಎಣಿಸುವ ರೂಢಿ ಇನ್ನೂ ಬಿಟ್ಟಿಲ್ಲ. ಚಿಕಿತ್ಸೆಯ ಪರಿಣಾಮವನ್ನು ನೋಡುವಂಥವುಗಳಿಗೆ 2016ರಲ್ಲೇ ಬಂದ, ಹೀಗೆಯೇ ವಿಭಾಗವಾರು ತೂಗುವ ರಾಬಿನ್ಸ್-ಐ ಎಂಬ ಸಾಧನ ಇದೆ. ಅದಕ್ಕೆ ಸಮಯವೂ ವಿಷಯಜ್ಞಾನವೂ ಹೆಚ್ಚು ಬೇಕು ನಿಜ, ಆದರೆ ಆ ಶ್ರಮವೇ ಮೌಲ್ಯಮಾಪನ.

ಕನ್ಸಾರ್ಟ್, ಸ್ಟ್ರೋಬ್ ಮಾರ್ಗಸೂಚಿಗಳಿಂದ ಗುಣಮಟ್ಟ ಅಳೆಯುವವರೂ ಇದ್ದಾರೆ. ಅವು ವರದಿಯಲ್ಲಿ ಏನೇನು ಬರೆದಿರಬೇಕೆಂದು ಹೇಳುತ್ತವೆ, ಅಷ್ಟೇ. ಅಚ್ಚುಕಟ್ಟಾಗಿ ವರದಿಯಾದ ಅಧ್ಯಯನ ನಡೆದದ್ದು ಕೆಟ್ಟದಾಗಿಯೇ ಇರಬಹುದು.

ಒಂದು ಪ್ರಶ್ನೆಯ ಮೇಲಿನ ಅಧ್ಯಯನಗಳನ್ನೆಲ್ಲ ಹುಡುಕಿ ಒಟ್ಟಾಗಿ ತೂಗುವ ವ್ಯವಸ್ಥಿತ ವಿಮರ್ಶೆ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟು: ಇಬ್ಬರು ಪ್ರತ್ಯೇಕವಾಗಿ ಓದಿ ನಿರ್ಣಯಿಸಿ, ಪ್ರತಿ ನಿರ್ಣಯದ ಪಕ್ಕದಲ್ಲಿ ಮೂಲ ಪ್ರಬಂಧದ ಯಾವ ವಾಕ್ಯದಿಂದ ಹಾಗೆ ತೀರ್ಮಾನಿಸಿದಿರೆಂದು ಬರೆಯಿರಿ, ಇಬ್ಬರಲ್ಲಿ ಭಿನ್ನಮತ ಬಂದ ಕಡೆ ಅದನ್ನೂ ಅನುಬಂಧದಲ್ಲಿ ಕೊಡಿ.