ಕೋಟೆ ಮುದ್ರೆ ಇದ್ದ ಮಾತ್ರಕ್ಕೆ ಎಕ್ಸೆಟರ್‌ನಲ್ಲೇ ತಯಾರಾದದ್ದಲ್ಲ

ಹಳೇ ಇಂಗ್ಲಿಷ್ ಬೆಳ್ಳಿ ಚಮಚದಲ್ಲಿ ಮೂರು ಗೋಪುರದ ಕೋಟೆಯ ಮುದ್ರೆ ಕಂಡರೆ ಅದು ಇಂಗ್ಲೆಂಡಿನ ಎಕ್ಸೆಟರ್ ಊರಲ್ಲೇ ತಯಾರಾದದ್ದು ಅನ್ನೋ ಮಾತು ಹರಿದಾಡುತ್ತಿದೆ. ಪೂರ್ತಿ ನಿಜ ಅಲ್ಲ. ಆ ಮುದ್ರೆ ಹೇಳೋದು ಬೆಳ್ಳಿಯ ಶುದ್ಧತೆ ಎಲ್ಲಿ ಪರೀಕ್ಷೆ ಆಯಿತು ಅಂತ ಅಷ್ಟೇ. 1701ರಿಂದ 1883ರವರೆಗೆ ಎಕ್ಸೆಟರ್‌ನಲ್ಲಿ ಪರೀಕ್ಷಾ ಕಚೇರಿ ಇತ್ತು, ಪ್ಲಿಮತ್‌ನಂಥ ಊರುಗಳ ಅಕ್ಕಸಾಲಿಗರೂ ತಮ್ಮ ಮಾಲನ್ನು ಅಲ್ಲಿಗೇ ಕಳಿಸುತ್ತಿದ್ದರು. ತಯಾರಕ ಯಾರು ಅಂತ ತಿಳಿಯಬೇಕಾದರೆ ಪಕ್ಕದಲ್ಲಿ ಒತ್ತಿರೋ ಪುಟ್ಟ ಇನಿಷಿಯಲ್ ನೋಡಬೇಕು, ಸುಮ್ನೆ ಕೋಟೆ ನೋಡಿ ತೀರ್ಮಾನಿಸಬಾರದು. ಇನ್ನೊಂದು ಫಜೀತಿ, ಸ್ಕಾಟ್ಲೆಂಡಿನ ಎಡಿನ್‌ಬರೋ ಊರಿನ ಮುದ್ರೆಯೂ ಮೂರು ಗೋಪುರದ ಕೋಟೆಯೇ! ಆದರೆ 1759ರ ನಂತರದ ಅಲ್ಲಿನ ಹಳೇ ಬೆಳ್ಳಿಯಲ್ಲಿ ಥಿಸಲ್ ಅನ್ನೋ ಮುಳ್ಳುಹೂ ಇರುತ್ತೆ, ಆ ಕಾಲದ ಎಕ್ಸೆಟರ್ ಬೆಳ್ಳಿಯಲ್ಲಿ ನಡೆಯೋ ಸಿಂಹ. ಡಬ್ಬಿ ಮೇಲಿನ ಅಂಗಡಿ ಹೆಸರನ್ನಂತೂ ನಂಬಲೇಬೇಡಿ, ಎಷ್ಟೋ ಸಲ ಅದು ಮಾರಿದವರದ್ದು.